ಲಿಂಕನ್ನನ ಪೇಟೆಂಟು, ನನ್ನ ಡ್ರಾಯರು

ಆಫೀಸಿನಲ್ಲಿ ನಾನು ಎರಡು ತಿಂಗಳು ಕೂತು ಬರೆದುಕೊಟ್ಟಿದ್ದ ಐಡಿಯಾ ಮೊನ್ನೆ ವಾಪಸ್ ಬಂತು. 'ಉಪಯೋಗಕ್ಕೆ ಬರೋಲ್ಲ' ಅಂದರು. ಸಪ್ಪೆ ಮುಖ ಹಾಕಿಕೊಂಡು ಕೂತಾಗ ನೆನಪಾದವನು ಅಬ್ರಹಾಂ ಲಿಂಕನ್. ಅಮೆರಿಕದ ಅಧ್ಯಕ್ಷರಲ್ಲಿ ಪೇಟೆಂಟ್ ಪಡೆದವನು ಅವನೊಬ್ಬನೇ, ಗೊತ್ತಾ?

1831ರಲ್ಲಿ, ಇಪ್ಪತ್ತೆರಡರ ಲಿಂಕನ್ ಸಾಗಿಸುತ್ತಿದ್ದ ಸರಕಿನ ದೋಣಿ ಇಲಿನಾಯ್‌ನ ನ್ಯೂ ಸೇಲಂ ಹತ್ತಿರ ಗಿರಣಿಯ ಒಡ್ಡಿನ ಮೇಲೆ ಸಿಕ್ಕಿಕೊಂಡಿತು. ಸರಕು ಇಳಿಸಿ, ದೋಣಿಯ ಮುಂಭಾಗಕ್ಕೆ ತೂತು ಕೊರೆದು, ಒಳಗೆ ನುಗ್ಗಿದ್ದ ನೀರನ್ನು ಹರಿಯಬಿಟ್ಟು ದಾಟಿಸಿದ. 1848ರಲ್ಲಿ, ಸಂಸತ್ ಸದಸ್ಯನಾಗಿ ಊರಿಗೆ ಮರಳುವಾಗ, ಮರಳದಿಬ್ಬಕ್ಕೆ ಸಿಕ್ಕಿದ ಹಡಗೊಂದನ್ನು ಕಂಡ. ಸರಿ, ಹಡಗಿನ ಎರಡೂ ಪಕ್ಕ ನೀರಿಳಿಯದ ಬಟ್ಟೆಯ ಗಾಳಿಚೀಲ ಕಟ್ಟಿ, ಬೇಕಾದಾಗ ಉಬ್ಬಿಸಿ ಮೇಲೆತ್ತುವ ಉಪಾಯ ಹೂಡಿದ. 1849ರ ಮೇ 22ರಂದು ಪೇಟೆಂಟ್ ಕೈಗೆ ಬಂತು, ನಂಬರ್ 6469.

ಆದರೆ ಅದನ್ನು ಯಾವ ಹಡಗಿಗೂ ಯಾರೂ ಅಳವಡಿಸಲಿಲ್ಲ! ಜೊತೆಗಿದ್ದ ವಕೀಲ ಹರ್ನ್‌ಡನ್‌ಗೂ ಅದರ ಮೇಲೆ ನಂಬಿಕೆ ಇರಲಿಲ್ಲ.

ಲಿಂಕನ್ನನ ಕುತೂಹಲ ಮಾತ್ರ ಬತ್ತಲಿಲ್ಲ ನೋಡಿ. ಅಂತರ್ಯುದ್ಧದ ದಿನಗಳಲ್ಲಿ ಸುದ್ದಿಗಾಗಿ ತಂತಿ ಕಚೇರಿಯಲ್ಲೇ ಗಂಟೆಗಟ್ಟಲೆ ಕೂರುತ್ತಿದ್ದ. 1861ರಲ್ಲಿ ಥಡ್ಡಿಯಸ್ ಲೋ ಬಲೂನಿನಿಂದ ಕಳಿಸಿದ ತಂತಿ ಬಂದಾಗ ಅವನ ಬೆಂಬಲಕ್ಕೆ ನಿಂತ. 1863ರಲ್ಲಿ ಸ್ಪೆನ್ಸರ್ ಬಂದೂಕನ್ನು ತಾನೇ ಹಾರಿಸಿ ನೋಡಿದ. ಸೋತ ಐಡಿಯಾ ಅವನನ್ನು ಹೊಸದಕ್ಕೆ ಹೆದರುವವನನ್ನಾಗಿ ಮಾಡಲಿಲ್ಲ.

ಆ ಹಡಗಿನ ಮರದ ಮಾದರಿ ಇವತ್ತಿಗೂ ಸ್ಮಿತ್‌ಸೋನಿಯನ್ ಸಂಗ್ರಹದಲ್ಲಿದೆ. ನನ್ನದು ಡ್ರಾಯರಿನಲ್ಲಿದೆ. ಇರಲಿ ಬಿಡಿ, ಬಿಸಾಕೋಲ್ಲ.