ಬೋಸ್ಟಾಡ್: ಬೇಸಿಗೆ ಮನೆಗಳ ಊರು, ಗುಡ್ಡದಡಿಯ ಸುರಂಗ

ಸ್ವೀಡನ್ನಿನ ದಕ್ಷಿಣದ ಸ್ಕೋನೆ ಪ್ರಾಂತ್ಯಕ್ಕೂ ಅದರ ಉತ್ತರದ ಹಲ್ಲಾಂಡ್ ಪ್ರಾಂತ್ಯಕ್ಕೂ ನಡುವೆ ಹಲ್ಲಾಂಡ್ಸೋಸ್ ಎಂಬ ಗುಡ್ಡಸಾಲು ಅಡ್ಡಲಾಗಿ ಮಲಗಿದೆ. ಎತ್ತರ 200 ಮೀಟರಿಗಿಂತ ತುಸು ಹೆಚ್ಚು. ಪಶ್ಚಿಮ ಘಟ್ಟ ಕಂಡವರಿಗೆ ದಿಬ್ಬದಂತೆ ತೋರೀತು. ಆದರೆ ಎರಡೂ ಕಡೆ ಬಯಲಿರುವುದರಿಂದ ಅದು ದೂರದಿಂದಲೇ ಗೋಡೆಯಂತೆ ಕಾಣುತ್ತದೆ. ಪಡುವಣದಲ್ಲಿ ಈ ಸಾಲು ಸಮುದ್ರದೊಳಕ್ಕೆ ಚಾಚಿಕೊಂಡ ಭಾಗವೇ ಬ್ಯಾರೆ ಪರ್ಯಾಯದ್ವೀಪ. ಅದರ ಉತ್ತರ ಮಗ್ಗುಲಲ್ಲಿ, ಕೊಲ್ಲಿಯ ದಂಡೆಯ ಮೇಲೆ ಬೋಸ್ಟಾಡ್ ಪಟ್ಟಣವಿದೆ.

ಬೋಸ್ಟಾಡ್ ಬೇಸಿಗೆಯ ಊರು. 1948ರಿಂದ ಇಲ್ಲಿ ಸ್ವೀಡಿಷ್ ಓಪನ್ ಟೆನಿಸ್ ಪಂದ್ಯಾವಳಿ ನಡೆಯುತ್ತ ಬಂದಿದೆ. ಹತ್ತಿರದಲ್ಲೇ ನೊರ್‌ವಿಕೆನ್ ಉದ್ಯಾನ, ತುದಿಯಲ್ಲಿ ತೋರೆಕೋವ್ ಎಂಬ ಮೀನುಗಾರರ ಹಳ್ಳಿ. ಬ್ಯಾರೆಯ ಎಳೆ ಆಲೂಗಡ್ಡೆಗೆ ದೇಶದಲ್ಲೆಲ್ಲ ಹೆಸರು. ಜುಲೈ ಬಂತೆಂದರೆ ಸ್ವೀಡನ್ನಿನ ನಗರಗಳು ರಜೆಯ ಮೇಲೆ ಹೊರಡುತ್ತವೆ. ಹಳ್ಳಿಯ ಮನೆ, ಹೊಲದಂಚಿನ ಪುಟ್ಟ ಮರದ ಮನೆಗಳು ವಾರದ ಲೆಕ್ಕದಲ್ಲಿ ಬಾಡಿಗೆಗೆ ಹೋಗುತ್ತವೆ. ಇಂಥ ಮರದ ಮನೆಗೆ ಅಲ್ಲಿನವರ ಮಾತು ‘ಸ್ಟೂಗಾ’. ಸಕಲೇಶಪುರ, ಮಡಿಕೇರಿಯ ಹೋಂಸ್ಟೇಗಳಂತೆ ಇಲ್ಲಿಯೂ ಬಾಡಿಗೆ ಕೊಡುವವರು ಮಾರುವುದು ಬರೀ ಸೂರನ್ನಲ್ಲ. ಬಾವಿಯ ತಣ್ಣೀರು, ಪಕ್ಕದ ಹೊಲದ ತರಕಾರಿ, ಹುಲ್ಲುಗಾವಲಲ್ಲಿ ಮೇಯುವ ಹಸು, ಸದ್ದಿಲ್ಲದ ರಾತ್ರಿ ಎಲ್ಲವೂ ಆ ಬಾಡಿಗೆಯೊಳಗೇ ಸೇರಿವೆ. ಇವುಗಳಲ್ಲಿ ಒಂದು ಕೆಟ್ಟರೂ ಮನೆಗೆ ಬೆಲೆಯಿಲ್ಲ. ಕೆಟ್ಟಿತೆಂಬ ಸುದ್ದಿ ಹರಡಿದರೂ ಅಷ್ಟೇ.

ಅಂಥ ಸುದ್ದಿ ಇಲ್ಲಿ ಹುಟ್ಟಿದ್ದು ಗುಡ್ಡ ದಾಟುವ ರೈಲು ದಾರಿಯಿಂದ. 1885ರಲ್ಲಿ ಗುಡ್ಡದ ಮೇಲೆ ಹಾದ ರೈಲು ಹಳಿ ಏರು ಮತ್ತು ತಿರುವುಗಳದ್ದು. ಗೋಥೆನ್‌ಬರ್ಗ್‌ನಿಂದ ಮಾಲ್ಮೋ ಕಡೆಗಿನ ಪಶ್ಚಿಮ ಕರಾವಳಿ ಮಾರ್ಗ ಜೋಡಿ ಹಳಿಯಾಗುತ್ತ ಬಂದಾಗ ಇಲ್ಲಿ ಗಂಟೆಗೆ ನಾಲ್ಕು ರೈಲಷ್ಟೇ ದಾಟಬಹುದಿತ್ತು. ಅದಕ್ಕೆ ಪರಿಹಾರವೆಂದು ಸರ್ಕಾರಿ ರೈಲ್ವೆ ಇಲಾಖೆ ಬಾನ್‌ವರ್ಕೆಟ್ 1992ರಲ್ಲಿ 8.7 ಕಿ.ಮೀ. ಉದ್ದದ ಜೋಡಿ ಸುರಂಗದ ಕೆಲಸ ಆರಂಭಿಸಿತು. 1995ಕ್ಕೆ ಮುಗಿಸುವ ಅಂದಾಜಿತ್ತು. ಗುಡ್ಡ ಒಪ್ಪಲಿಲ್ಲ. ಭೂಮಿಯ ಎರಡು ಬಿರುಕುಗಳ ನಡುವೆ ಮೇಲೆದ್ದ ಈ ಬಂಡೆ ಒಳಗೆಲ್ಲ ಸೀಳಿದೆ. ಕೆಲವೆಡೆ ಅದು ಜೇಡಿಯಾಗಿ ಶಿಥಿಲಗೊಂಡಿದೆ, ಸೀಳುಗಳ ತುಂಬ ಒತ್ತಡದ ನೀರು. ಮೊದಲ ಕೊರೆಯಂತ್ರ ಕೇವಲ 18 ಮೀಟರ್ ಸಾಗಿ ಸಿಕ್ಕಿಹಾಕಿಕೊಂಡಿತು. ಮೊದಲ ಗುತ್ತಿಗೆದಾರರು ಹೋಗಿ 1996ರಲ್ಲಿ ಸ್ಕಾನ್ಸ್ಕಾ ಕಂಪನಿ ಬಂತು. ಸಿಡಿಮದ್ದಿನಿಂದ ಬಂಡೆ ಒಡೆಯುವ ಕ್ರಮ ಬಂತು. ಸುರಂಗಕ್ಕೆ ನೀರು ಸೋರಿದಷ್ಟೂ ಮೇಲಿನ ಬಾವಿಗಳ ನೀರು ಇಳಿಯಿತು.

ಸೋರಿಕೆ ತಡೆಯಲು 1997ರಲ್ಲಿ ರೋಕಾ-ಜಿಲ್ ಎಂಬ ಅಂಟುದ್ರವವನ್ನು ಬಂಡೆಯೊಳಗೆ ತುಂಬಲಾಯಿತು. ಒಟ್ಟು ಸುಮಾರು 1,400 ಟನ್. ಅದರಲ್ಲಿದ್ದ ಅಕ್ರಿಲಮೈಡ್ ನರಗಳಿಗೆ ವಿಷ. ಗಟ್ಟಿಯಾದ ಮೇಲೆ ಅಪಾಯ ಕಡಿಮೆ. ಆದರೆ ಹರಿಯುವ ನೀರು ಅದನ್ನು ಗಟ್ಟಿಯಾಗಲು ಬಿಡದೆ ಕೊಚ್ಚಿಕೊಂಡು ಹೋಯಿತು. ಸೆಪ್ಟೆಂಬರ್ ಕೊನೆಗೆ ವಾಡ್‌ಬೆಕೆನ್ ತೊರೆಯಲ್ಲಿ ಮೀನು ಸತ್ತು ತೇಲಿದವು. ಆ ನೀರು ಕುಡಿದ ಹಸುಗಳು ಕಾಲು ಸೋತು ಕುಸಿದವು. ಸುರಂಗದ ಕಾರ್ಮಿಕರಿಗೂ ಕೈಕಾಲು ಜೋಮು ಹಿಡಿಯತೊಡಗಿತು. ಅಕ್ಟೋಬರ್ ಮೊದಲ ವಾರದಲ್ಲಿ ಕೆಲಸ ನಿಂತಿತು. ಆ ಹೊತ್ತಿಗೆ ಆಗಿದ್ದದ್ದು ಮೂರನೇ ಒಂದು ಭಾಗ.

ಗುಡ್ಡದ ಮೇಲಿನ ಒಂದು ಪ್ರದೇಶವನ್ನು ಅಪಾಯವಲಯವೆಂದು ಸಾರಲಾಯಿತು. ಬಾವಿ ನೀರು ಬಳಸಬಾರದು, ಅಲ್ಲಿನ ಹಾಲು, ತರಕಾರಿ, ಮಾಂಸ ಮಾರಬಾರದು. ಕರೆದ ಹಾಲು ಚೆಲ್ಲಿಹೋಯಿತು, ದನಗಳನ್ನು ಕೊಲ್ಲಬೇಕಾಯಿತು. ಬೇಸಿಗೆಯ ಅತಿಥಿಗಳು ಆಗಲೇ ಮರಳಿದ್ದರು, ನಿಜ. ಆದರೆ ಮುಂದಿನ ಬೇಸಿಗೆಯ ಮನೆಗಳನ್ನು ಜನ ಗೊತ್ತುಮಾಡುವುದು ಚಳಿಗಾಲದಲ್ಲೇ. ಅದೇ ತಿಂಗಳುಗಳಲ್ಲಿ ಪತ್ರಿಕೆ, ಟೀವಿಗಳ ತುಂಬ ಬಿದ್ದ ಹಸುಗಳ ಚಿತ್ರ. ವಲಯ ಚಿಕ್ಕದು, ಅಂಟಿದ ಹೆಸರು ದೊಡ್ಡದು. ಮಾಲಿನ್ಯ ತಾಗದ ಬ್ಯಾರೆಯ ಹೊಲಗಳ ಬೆಳೆಯನ್ನೂ ಕೊಳ್ಳುವವರು ಅನುಮಾನದಿಂದ ನೋಡಿದರು. ಸತ್ತ ದನಕ್ಕೆ, ಚೆಲ್ಲಿದ ಹಾಲಿಗೆ ಲೆಕ್ಕವಿದೆ. ಬಾರದೇ ಹೋದ ಅತಿಥಿಯನ್ನು ಯಾವ ಪಟ್ಟಿಯಲ್ಲಿ ಬರೆಯುವುದು?

ಈ ಅವಘಡಕ್ಕೆ ಯಾರೂ ನಿರೀಕ್ಷಿಸದ ಒಂದು ಮುಂದುವರಿಕೆಯಿದೆ. ಕಾರ್ಮಿಕರ ರಕ್ತದಲ್ಲಿ ಅಕ್ರಿಲಮೈಡ್ ಗುರುತು ಹುಡುಕುತ್ತಿದ್ದ ಸ್ಟಾಕ್‌ಹೋಮ್ ವಿಶ್ವವಿದ್ಯಾಲಯದ ಸಂಶೋಧಕರಿಗೆ, ಸುರಂಗದ ಹತ್ತಿರ ಸುಳಿಯದವರ ರಕ್ತದಲ್ಲೂ ಅದು ಸಿಕ್ಕಿತು. ಜಾಡು ಹಿಡಿದು ಹೋದಾಗ ಮೂಲ ಅಡುಗೆಮನೆಯಲ್ಲಿತ್ತು. ಹೆಚ್ಚು ಕಾವಿನಲ್ಲಿ ಕರಿದ, ಓವನ್ನಿನಲ್ಲಿ ಬೇಯಿಸಿದ ಆಲೂಗಡ್ಡೆ ಮತ್ತು ಧಾನ್ಯದ ತಿಂಡಿಗಳಲ್ಲಿ ಅಕ್ರಿಲಮೈಡ್ ತಾನಾಗಿ ಹುಟ್ಟುತ್ತದೆ ಎಂದು 2002ರ ಏಪ್ರಿಲ್‌ನಲ್ಲಿ ಪ್ರಕಟವಾಯಿತು. ಜಗತ್ತಿನ ಆಹಾರ ಸಂಸ್ಥೆಗಳು ಚಿಪ್ಸ್, ಬಿಸ್ಕತ್ತುಗಳನ್ನು ಪರೀಕ್ಷಿಸತೊಡಗಿದ್ದು ಆಗಿನಿಂದ.

ಕೆಲವು ವರ್ಷ ಪೂರ್ತಿ ಕೊರೆಯದ ಗುಡ್ಡ ಹಾಗೇ ಇತ್ತು. ಮತ್ತೆ ಮುಂದುವರಿಸುವ ತೀರ್ಮಾನವಾದಾಗ, ಹೊರಹೋಗುವ ನೀರಿಗೆ ಕಟ್ಟುನಿಟ್ಟಿನ ಮಿತಿ ಬಿತ್ತು. ಸ್ಕಾನ್ಸ್ಕಾ ಮತ್ತು ಫ್ರಾನ್ಸಿನ ವಿನ್ಸಿ ಕಂಪನಿಗಳು ಜೊತೆಯಾಗಿ 2005ರಲ್ಲಿ ‘ಓಸಾ’ ಎಂಬ ಹೊಸ ಕೊರೆಯಂತ್ರ ಇಳಿಸಿದವು. ಈ ಸಲ ಕೊರೆದ ಹಿಂದೆಯೇ ಕಾಂಕ್ರೀಟ್ ಉಂಗುರ ಕೂರಿಸಿ ನೀರನ್ನು ಹೊರಗಿಡುವ ಕ್ರಮ. ಮೊದಲ ಸುರಂಗ 2010ರಲ್ಲಿ, ಎರಡನೆಯದು 2013ರಲ್ಲಿ ಆಚೆಬದಿ ತಲುಪಿತು. 2015ರ ಡಿಸೆಂಬರ್ 8ರಂದು ದೊರೆ ಹದಿನಾರನೇ ಕಾರ್ಲ್ ಗುಸ್ತಾಫ್ ಉದ್ಘಾಟಿಸಿದರು. ಖರ್ಚು 1,000 ಕೋಟಿ ಕ್ರೋನರ್ ದಾಟಿತ್ತು, ಮೊದಲ ಅಂದಾಜಿನ ಸುಮಾರು ಹತ್ತು ಪಟ್ಟು.

ಗಂಟೆಗೆ ನಾಲ್ಕು ರೈಲು ದಾಟುತ್ತಿದ್ದಲ್ಲಿ ಈಗ 24 ದಾಟಬಹುದು. ಗುಡ್ಡದ ಮೇಲೆ ಹಸುಗಳು ಮತ್ತೆ ಮೇಯುತ್ತಿವೆ, ಜುಲೈನಲ್ಲಿ ಟೆನಿಸ್ ನಡೆಯುತ್ತದೆ. ಊರೊಳಗಿನ ಹಳೆಯ ನಿಲ್ದಾಣದಲ್ಲಿ ಮಾತ್ರ ರೈಲು ನಿಲ್ಲುವುದಿಲ್ಲ. ಹೊಸ ಮಾರ್ಗ ಪಟ್ಟಣದ ಹೊರವಲಯದಲ್ಲಿ ಹಾದಿರುವುದರಿಂದ ನಿಲ್ದಾಣವೂ ಅಲ್ಲಿಗೇ ಹೋಗಿದೆ. ಬಾಡಿಗೆ ಮನೆಗೆ ಬರುವವರು ಈಗ ಇಳಿಯುವುದು ಅಲ್ಲಿಯೇ.