ಮಳೆಗಾಲದ ಬೆಳಿಗ್ಗೆ ಬೈಕ್ ಹಟ ಹಿಡಿದರೆ



ಆಟಿ ತಿಂಗಳ ಮಳೆ. ಪೆರ್ಲದಲ್ಲೋ ಮುಳ್ಳೇರಿಯದಲ್ಲೋ ಹಾಲಿನ ಕ್ಯಾನ್ ಕಟ್ಟಿಕೊಂಡು ಹೊರಟಿದ್ದೀರಿ. ಬೈಕಿನ ಗುಂಡಿ ಒತ್ತಿದರೆ 'ಟಕ್' ಎಂಬ ಸದ್ದು ಮಾತ್ರ. ಎಷ್ಟೋ ಹೊಸ ಬೈಕುಗಳಲ್ಲಿ ಒದೆಯಲು ಕಿಕ್ಕರ್ ಕೂಡ ಇಲ್ಲ. ಆಗೇನು ಮಾಡುವುದು?

ಮೊದಲು ಬಲಗೈ ಹತ್ತಿರದ ಕೆಂಪು ಸ್ವಿಚ್ಚು ನೋಡಿ. ನಗಬೇಡಿ. ಒಂದು ರಾತ್ರಿ ನೆರೆಮನೆಯ ಅಜ್ಜಿಗೆ ಉಬ್ಬಸ ಹೆಚ್ಚಾಗಿ ಔಷಧಿ ತರಲು ಹೊರಟ ನಾವು, ಅರ್ಧ ಗಂಟೆ ಬೈಕ್ ತಳ್ಳಿ ಬೆವರಿದ್ದೆವು. ಆ ಸ್ವಿಚ್ಚು ಆಫ್ ಆಗಿದೆಯೆಂದು ತೋರಿಸಿದವನು ಆರನೆಯ ಕ್ಲಾಸಿನ ಹುಡುಗ! ಸೈಡ್ ಸ್ಟ್ಯಾಂಡ್ ಎತ್ತಿದ್ದೀರಾ, ನ್ಯೂಟ್ರಲ್ ದೀಪ ಉರಿಯುತ್ತಿದೆಯಾ ಎಂಬುದನ್ನೂ ನೋಡಿ. ಕೆಲವು ಬೈಕುಗಳಿಗೆ ಕ್ಲಚ್ ಹಿಡಿಯದೆ ಸ್ಟಾರ್ಟ್ ಆಗುವ ಅಭ್ಯಾಸವಿಲ್ಲ.

ಇನ್ನು ಕೀ ತಿರುಗಿಸಿ ಹಾರನ್ ಒತ್ತಿ. ದೀಪವೂ ಇಲ್ಲ, ಹಾರನ್ನೂ ಇಲ್ಲ ಎಂದರೆ ಫ್ಯೂಸ್ ಹೋಗಿರಬೇಕು, ಇಲ್ಲವೇ ಬ್ಯಾಟರಿಯ ವಯರ್ ಸಡಿಲವಾಗಿರಬೇಕು. ಅಥವಾ ಬ್ಯಾಟರಿಯೇ ಪೂರ್ತಿ ಖಾಲಿ. ಸುಟ್ಟ ಫ್ಯೂಸಿನ ಜಾಗಕ್ಕೆ ಅಷ್ಟೇ ಆಂಪಿಯರಿನದನ್ನು ಹಾಕಿ. ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದ ಸುತ್ತುವವರಿದ್ದಾರೆ, ದಯವಿಟ್ಟು ಬೇಡ. ಆಗ ಸುಡುವುದು ಫ್ಯೂಸಲ್ಲ, ವಯರು. ಅದರ ಮೇಲೇ ಪೆಟ್ರೋಲ್ ಟ್ಯಾಂಕ್!

ದೀಪವಿದೆ, ಗುಂಡಿ ಒತ್ತಿದೊಡನೆ ಮಂಕಾಗಿ 'ಟಕಟಕಟಕ' ಎನ್ನುತ್ತದೆಯೇ? ಬ್ಯಾಟರಿ ಸೋತಿದೆ, ಇಲ್ಲವೇ ಟರ್ಮಿನಲ್ಲಿಗೆ ಬಿಳಿ-ಹಸಿರು ಪುಡಿ ಹಿಡಿದಿದೆ. ವಯರ್ ಬಿಚ್ಚುವಾಗ ಮೊದಲು ಮೈನಸ್, ಜೋಡಿಸುವಾಗ ಕೊನೆಗೆ ಮೈನಸ್. ಅಡುಗೆ ಸೋಡಾ ಕಲಸಿದ ನೀರಿನಲ್ಲಿ ಪುಡಿ ಉಜ್ಜಿ, ಒಣಗಿಸಿ, ಬಿಗಿ ಮಾಡಿ. ಹತ್ತಿರ ಬೀಡಿ ಹಚ್ಚಬೇಡಿ. ಮೀಟರಿದ್ದರೆ, ತುಂಬಿದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು. 12ಕ್ಕಿಂತ ಕೆಳಗಿದ್ದರೆ ಚಾರ್ಜಿಗೆ ಕೊಡಿ. ಎಂಜಿನ್ ಓಡುವಾಗ ಸ್ವಲ್ಪ ಆಕ್ಸಿಲರೇಟರ್ ಕೊಟ್ಟರೂ 13.5 ದಾಟದಿದ್ದರೆ ಹೊಸ ಬ್ಯಾಟರಿಗೆ ಹಣ ಸುರಿಯುವ ಮೊದಲು ರೆಗ್ಯುಲೇಟರ್ ಮತ್ತು ಅದರ ವಯರಿಂಗ್ ನೋಡಿಸಿ. ಎಷ್ಟೋ ಮಂದಿ ಇಲ್ಲಿಯೇ ಮೋಸ ಹೋಗುವುದು.

ದೀಪ ಮಂಕಾಗದೆ ಒಂದೇ ಒಂದು 'ಟಕ್' ಬಂದರೆ ರಿಲೇ ಅಥವಾ ಸ್ಟಾರ್ಟರ್ ಮೋಟಾರಿನ ದೋಷ. ಅದು ಮೆಕ್ಯಾನಿಕ್ಕಿನ ಕೆಲಸ.

ಎಂಜಿನ್ ಚೆನ್ನಾಗಿ ತಿರುಗಿಯೂ ಹತ್ತುವುದಿಲ್ಲವೇ? ನಮ್ಮ ಮಳೆಗೆ ಪ್ಲಗ್ಗಿನ ಕ್ಯಾಪಿನೊಳಗೆ ನೀರು ಸೇರಿ ಕಿಡಿ ದಾರಿ ತಪ್ಪುತ್ತದೆ. ಕ್ಯಾಪ್ ಕಳಚಿ ಒಣ ಬಟ್ಟೆಯಲ್ಲಿ ಒರೆಸಿ ಗಟ್ಟಿಯಾಗಿ ಕೂರಿಸಿ.

ಕಾರ್ಬ್ಯುರೇಟರ್ ಇದ್ದ ಹಳೆಯ ಬೈಕುಗಳಲ್ಲಿ ಹಲವು, ಬ್ಯಾಟರಿ ಸತ್ತರೂ ಒದ್ದರೆ ಏಳುತ್ತಿದ್ದವು; ಅವುಗಳ ಕಿಡಿಗೆ ಮ್ಯಾಗ್ನೆಟ್ಟಿನಿಂದಲೇ ಕರೆಂಟು. 2020ರ ಏಪ್ರಿಲಿನಲ್ಲಿ ಬಿಎಸ್-6 ನಿಯಮ ಬಂದ ಮೇಲಿನವು ಬಹುತೇಕ ಇಂಜೆಕ್ಷನ್ ಬೈಕುಗಳು. ಇವುಗಳಲ್ಲಿ ಪೆಟ್ರೋಲ್ ಪಂಪಿಗೂ ಬ್ಯಾಟರಿಯೇ ಬೇಕು. ಕೀ ತಿರುಗಿಸಿದಾಗ ಸೀಟಿನ ಕಡೆಯಿಂದ ಎರಡು ಮೂರು ಸೆಕೆಂಡು 'ಜುಯ್' ಎಂಬ ಸದ್ದು ಕೇಳಬೇಕು. ಬ್ಯಾಟರಿ ತುಸು ಸೋತಿದ್ದು ಈ ಸದ್ದು ಬರುತ್ತಿದ್ದರೆ, ಎರಡನೆಯ ಗೇರಿಗೆ ಹಾಕಿ, ಕ್ಲಚ್ ಹಿಡಿದು ಇಳಿಜಾರಿನಲ್ಲಿ ತಳ್ಳಿ, ಓಟ ಬಂದಾಗ ಕ್ಲಚ್ ಬಿಡಿ. ಸದ್ದೇ ಇಲ್ಲದಿದ್ದರೆ ತಳ್ಳಿ ಪ್ರಯೋಜನವಿಲ್ಲ. ಹಾಲಿನ ಕ್ಯಾನನ್ನು ನೆರೆಯವರ ಬೈಕಿಗೆ ಕಟ್ಟಿ.