ಉಪ್ಪುನೀರು ಹೊಳೆಗೆ ಏರುವಾಗ ಗಾಳ ಹಾಕುವವರಿಗೆ

ಪರೀಕ್ಷೆ ಮುಗಿದದ್ದೇ ತಡ, ನಮ್ಮ ಹುಡುಗರ ಕಣ್ಣೆಲ್ಲ ಹೊಳೆಯ ಕಡೆಗೆ. ಮದ್ರಸದಲ್ಲೂ ಅದೇ ಪ್ರಶ್ನೆ: 'ಉಸ್ತಾದ್, ಮೀನು ಎಲ್ಲಿ ಸಿಗ್ತದೆ?' ಹೋಗಬೇಡಿ ಎಂದರೆ ಕದ್ದು ಹೋಗುತ್ತಾರೆ. ಅದಕ್ಕಿಂತ ಸರಿಯಾಗಿ ಹೇಳಿಕೊಡುವುದೇ ಮೇಲು.

ಚಳಿ ಹೋಗಿ ಸೆಕೆ ಶುರುವಾಗುವಾಗ ನೇತ್ರಾವತಿಯ ಹರಿವು ಕಡಿಮೆಯಾಗುತ್ತದೆ. ಆಗ ಸಮುದ್ರದ ಉಪ್ಪುನೀರು ಅಳಿವೆಯಿಂದ ಮೇಲಕ್ಕೆ ಏರುತ್ತದೆ, ಜೊತೆಗೆ ಮೀನೂ ಬರುತ್ತದೆ. ಹಾಗಾಗಿ ಈಗ ಅಳಿವೆಬಾಗಿಲಿಗೆ ಹೋಗುವ ಅಗತ್ಯವೇ ಇಲ್ಲ. ಉಳ್ಳಾಲ ಸೇತುವೆಯಿಂದ ಮೇಲೆ, ಹರೇಕಳ-ಅಡ್ಯಾರ್ ಕಿಂಡಿ ಅಣೆಕಟ್ಟಿಗಿಂತ ಸಾಕಷ್ಟು ಕೆಳಗೆ, ದಡದಲ್ಲೇ ಕೂತು ಗಾಳ ಹಾಕಬಹುದು. ಅಣೆಕಟ್ಟಿನ ಬಾಗಿಲ ಹತ್ತಿರ ಮಾತ್ರ ಸುಳಿಯಬೇಡಿ.

ತಳದಲ್ಲಿ ಮರಳಿದ್ದರೆ ಕಾಣೆ. ಅದಕ್ಕೆ ಸಣ್ಣ ಗಾಳ, ಸಿಗಡಿ ತುಂಡು, ತಳ ಮುಟ್ಟುವಷ್ಟು ಸೀಸ ಸಾಕು. ಕಲ್ಲು, ಮರದ ಬೇರು ಇರುವಲ್ಲಿ ಕೆಂಬೇರಿ. ಅದಕ್ಕೆ ಜೀವಂತ ಸಿಗಡಿ ಮತ್ತು ದಪ್ಪ ನೂಲು ಬೇಕು, ಇಲ್ಲದಿದ್ದರೆ ಕಲ್ಲಿಗೆ ಸುತ್ತಿ ತುಂಡು ಮಾಡ್ತದೆ. ಮಾಲ ಗಾಳಕ್ಕೆ ಸುಲಭದಲ್ಲಿ ಬೀಳುವುದಿಲ್ಲ, ಅದಕ್ಕೆ ಬೀಸುಬಲೆಯೇ ಆಗಬೇಕು.

ಹೊತ್ತು ತಿಳಿಯಲು ಮನೆಯ ಗೋಡೆಯ ಹಿಜ್ರಿ ಕ್ಯಾಲೆಂಡರ್ ನೋಡಿ. ತಿಂಗಳ ಮೊದಲ ಎರಡು ಮೂರು ದಿನ ಮತ್ತು 15ರ ಆಸುಪಾಸಿನಲ್ಲಿ ಉಬ್ಬರ-ಇಳಿತ ಜೋರು. 8-9 ಮತ್ತು 22-23ರ ಹೊತ್ತಿಗೆ ನೀರು ಸೌಮ್ಯ, ಕಲಿಯುವ ಮಕ್ಕಳಿಗೆ ಆ ದಿನಗಳೇ ಒಳ್ಳೆಯದು. ನೀರು ಏರಲು ತೊಡಗಿದ ಮೊದಲ ಎರಡು ಗಂಟೆ ಮೀನು ಚೆನ್ನಾಗಿ ಕಚ್ಚುತ್ತದೆ. ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ ಎಂಬ ಲೆಕ್ಕವೂ ಇರಲಿ.

ನಾನು ಹನ್ನೆರಡರ ಹುಡುಗನಾಗಿದ್ದಾಗ ಸಿಕ್ಕಿಬಿದ್ದ ಗಾಳ ಬಿಡಿಸಲು ಮೊಣಕಾಲು ನೀರಿಗೆ ಇಳಿದೆ. ಮುಂದಿನ ಹೆಜ್ಜೆಗೆ ನೆಲವೇ ಇರಲಿಲ್ಲ, ಮರಳು ತೆಗೆದ ಗುಂಡಿ! ಇಳಿತದ ನೀರು ಎಳೆಯುತ್ತಿತ್ತು. ಉಪ್ಪ ಅಂಗಿ ಹಿಡಿದು ಎಳೆಯದಿದ್ದರೆ ಈ ಲೇಖನ ಬರೆಯಲು ನಾನಿರುತ್ತಿರಲಿಲ್ಲ. ಮನೆಗೆ ಬರುವಾಗ ಅವರು ಹೇಳಿದ್ದು ಒಂದೇ ಮಾತು: 'ಗಾಳ ಹೋದರೆ ಹೋಗಲಿ ಮೋನೆ, ಅಂಗಡಿಯಲ್ಲಿ ಸಿಗ್ತದೆ.'

ಹಾಗಾಗಿ ತಂದೆ-ತಾಯಿಯರೇ, ಮಕ್ಕಳ ಜೊತೆ ಈಜು ಬಲ್ಲ ದೊಡ್ಡವರೊಬ್ಬರು ಇರಲಿ. ನೀರಿಗೆ ಇಳಿಯುವುದು ಬೇಡ. ಅಸರ್ ಕಳೆದು ಹೋದವರು ಮಗ್ರಿಬ್‌ಗೆ ಮೊದಲೇ ಮನೆ ಸೇರಲಿ. ಸಣ್ಣ ಮರಿ ಸಿಕ್ಕಿದರೆ ಹೊಳೆಗೇ ಬಿಡಲು ಕಲಿಸಿ, ಮುಂದಿನ ವರ್ಷವೂ ಗಾಳಕ್ಕೆ ಮೀನು ಬೇಕಲ್ಲ? ಮಳೆ ಬಿದ್ದು ಹೊಳೆ ಕೆಂಪಾದರೆ ಗಾಳ ಸುತ್ತಿ ಅಟ್ಟಕ್ಕೆ ಹಾಕಿಬಿಡಿ.